ಕಾರು ತಗ್ಗಿಸುವ ಸ್ಪ್ರಿಂಗ್ ಮತ್ತು ಸ್ಟ್ರಟ್: ಆಯ್ಕೆಯ ಲೆಕ್ಕಾಚಾರ ಹಾಗೂ ವರ್ತಕರ ಹೊಣೆ

ಸಣ್ಣ ಕಾರನ್ನು ನೆಲಕ್ಕೆ ಕೆಲವು ಸೆಂಟಿಮೀಟರ್ ಹತ್ತಿರ ತರುವ ‘ಲೋವರಿಂಗ್ ಸ್ಪ್ರಿಂಗ್’ಗಳನ್ನು ಕೇಳಿಕೊಂಡು ಬರುವ ಗ್ರಾಹಕರು ವಾಹನ ಬಿಡಿಭಾಗಗಳ ಅಂಗಡಿಗಳಿಗೆ ಹೊಸಬರಲ್ಲ. ಅವರು ಸಾಮಾನ್ಯವಾಗಿ ಕೇಳುವುದು ಎರಡೇ ಪ್ರಶ್ನೆ: ಕಾರು ಎಷ್ಟು ಇಳಿಯುತ್ತದೆ, ಸೆಟ್ಟಿನ ಬೆಲೆ ಎಷ್ಟು? ಸ್ಟ್ರಟ್‌ನ ವಿಷಯವನ್ನು ಗ್ರಾಹಕನೂ ಕೇಳುವುದಿಲ್ಲ, ಮಾರಾಟಗಾರನೂ ಹೇಳುವುದಿಲ್ಲ. ವಾಸ್ತವದಲ್ಲಿ ಇವೆರಡೂ ಒಂದೇ ಸರಕಿನ ಎರಡು ಭಾಗಗಳು. ಸ್ಪ್ರಿಂಗನ್ನು ಮಾತ್ರ ಮಾರಿದವನು ಅರ್ಧ ವ್ಯಾಪಾರ ಮಾಡಿ, ಪೂರ್ತಿ ತಕರಾರನ್ನು ತನ್ನ ಅಂಗಡಿಗೆ ಬರಮಾಡಿಕೊಳ್ಳುತ್ತಾನೆ.

ಇದನ್ನು ಅಂಕಿಗಳಿಂದ ನೋಡುವುದು ಸೂಕ್ತ. ಸ್ಪ್ರಿಂಗ್ ತಯಾರಕರು ಹೇಳುವ ‘ಸ್ಪ್ರಿಂಗ್ ರೇಟ್’ ಎಂದರೆ ಬೆಲೆಯಲ್ಲ. ಸ್ಪ್ರಿಂಗನ್ನು ಒಂದು ಮಿಲಿಮೀಟರ್ ಅದುಮಲು ಬೇಕಾಗುವ ಭಾರ. ಉದಾಹರಣೆಗಾಗಿ, ಸಣ್ಣ ಕಾರೊಂದರ ಮುಂಭಾಗದ ಒಂದು ಸ್ಪ್ರಿಂಗಿನ ಮೇಲೆ 300 ಕಿ.ಗ್ರಾಂ. ಭಾರವಿದೆ, ಮೂಲ ಸ್ಪ್ರಿಂಗಿನ ರೇಟ್ ಮಿ.ಮೀ.ಗೆ 2 ಕಿ.ಗ್ರಾಂ. ಇದೆ ಎಂದು ಭಾವಿಸೋಣ. ಆ ಸ್ಪ್ರಿಂಗ್ 150 ಮಿ.ಮೀ. ಅದುಮಿಕೊಂಡು ಕಾರನ್ನು ಹೊತ್ತಿರುತ್ತದೆ. ಅದರ ಬದಲಿಗೆ 2.5 ಕಿ.ಗ್ರಾಂ. ರೇಟಿನ, ಅಂದರೆ ಶೇ. 25ರಷ್ಟು ಗಡುಸಾದ ಸ್ಪ್ರಿಂಗ್ ಹಾಕಿದರೆ ಅದು 120 ಮಿ.ಮೀ. ಮಾತ್ರ ಅದುಮುತ್ತದೆ. ಉದ್ದ ಒಂದೇ ಆಗಿದ್ದರೆ ಕಾರು ಇಳಿಯುವ ಬದಲು 30 ಮಿ.ಮೀ. ಏರುತ್ತದೆ! ಆದುದರಿಂದ ಕಾರನ್ನು 30 ಮಿ.ಮೀ. ಇಳಿಸಬೇಕಾದರೆ ಹೊಸ ಸ್ಪ್ರಿಂಗ್ ಮೂಲಕ್ಕಿಂತ 60 ಮಿ.ಮೀ. ಗಿಡ್ಡವಾಗಿರಬೇಕಾಗುತ್ತದೆ.

ಇಲ್ಲಿಂದಲೇ ಸ್ಟ್ರಟ್‌ನ ಪ್ರಶ್ನೆ ಏಳುತ್ತದೆ. ಜಾಕ್ ಹಾಕಿ ಕಾರನ್ನು ಎತ್ತಿದಾಗ ಅಥವಾ ಚಕ್ರ ಗುಂಡಿಗೆ ಇಳಿದಾಗ ಸ್ಟ್ರಟ್ ಪೂರ್ತಿ ಚಾಚಿಕೊಳ್ಳುತ್ತದೆ. ಮೂಲ ಸ್ಥಿತಿಯಿಂದ ಅದು 80 ಮಿ.ಮೀ. ಚಾಚುವುದಾದರೆ ಮೂಲ ಸ್ಪ್ರಿಂಗಿನಲ್ಲಿ ಇನ್ನೂ 70 ಮಿ.ಮೀ. ಅದುಮು ಉಳಿದಿರುತ್ತದೆ. ತಗ್ಗಿಸಿದ ಕಾರಿನಲ್ಲಿ ಅದೇ ಸ್ಟ್ರಟ್ 110 ಮಿ.ಮೀ. ಚಾಚುವುದರಿಂದ ಹೊಸ ಸ್ಪ್ರಿಂಗಿನಲ್ಲಿ ಉಳಿಯುವುದು 10 ಮಿ.ಮೀ. ಮಾತ್ರ. ಕಾರನ್ನು 40 ಮಿ.ಮೀ. ಇಳಿಸಿದರೆ ಉಳಿಕೆ ಶೂನ್ಯ. ಅದಕ್ಕೂ ಮೀರಿದರೆ ಸ್ಪ್ರಿಂಗ್ ತನ್ನ ಬಟ್ಟಲಿನಲ್ಲಿ ಸಡಿಲಗೊಂಡು ಸದ್ದು ಮಾಡುತ್ತದೆ, ಮರಳಿ ಕೂರುವಾಗ ಓರೆಯಾಗಿ ಕೂರಬಹುದು. ಹೆಚ್ಚು ಇಳಿಸುವವರಿಗೆ ಗಿಡ್ಡ ಮೈಯ ಸ್ಟ್ರಟ್ ಬೇಕೆಂದು ತಯಾರಕರು ಹೇಳುವುದು ಸರಕು ಖರ್ಚು ಮಾಡುವ ಉಪಾಯವಲ್ಲ. ಅದರ ಹಿಂದಿರುವುದು ಈ ಲೆಕ್ಕ.

ಚಕ್ರ ಮೇಲಕ್ಕೆ ಚಲಿಸುವ ದಿಕ್ಕಿನಲ್ಲಿ ಪರಿಸ್ಥಿತಿ ಇನ್ನೂ ಇಕ್ಕಟ್ಟು. ಬಂಪ್ ಸ್ಟಾಪ್ ಎಂಬ ರಬ್ಬರ್ ತಡೆಗೆ ತಾಗುವ ಮುನ್ನ ಚಕ್ರಕ್ಕೆ ಮೊದಲು 75 ಮಿ.ಮೀ. ಅವಕಾಶವಿದ್ದರೆ ಈಗ ಉಳಿಯುವುದು 45. ಆಘಾತವನ್ನು ಹೀರುವ ಶಕ್ತಿಯು ರೇಟಿನ ನೇರ ಅನುಪಾತದಲ್ಲಿಯೂ ಚಲನೆಯ ವರ್ಗದ ಅನುಪಾತದಲ್ಲಿಯೂ ಇರುವುದರಿಂದ, ಶೇ. 25ರಷ್ಟು ಗಡುಸು ಹೆಚ್ಚಿಸಿದ ಬಳಿಕವೂ ಹೊಸ ಜೋಡಣೆಯ ಶಕ್ತಿ ಹಳೆಯದರ ಶೇ. 45 ಮಾತ್ರ. ಹಿಂದಿನ ಶಕ್ತಿಯನ್ನು ಪೂರ್ತಿ ಉಳಿಸಿಕೊಳ್ಳಬೇಕೆಂದರೆ ಸುಮಾರು ಐದೂವರೆ ಕಿ.ಗ್ರಾಂ. ರೇಟಿನ ಸ್ಪ್ರಿಂಗ್ ಬೇಕು. ಅಂತಹ ಕಾರಿನಲ್ಲಿ ಮನೆಮಂದಿ ಕುಳಿತು ಪ್ರಯಾಣ ಮಾಡಲಾರರು. ಆದ್ದರಿಂದ ರಸ್ತೆಯ ಮೇಲೆ ಓಡಾಡುವ ಸಣ್ಣ ಕಾರಿಗೆ 25ರಿಂದ 30 ಮಿ.ಮೀ.ಗಿಂತ ಹೆಚ್ಚು ಇಳಿಕೆ ಜಾಣತನವಲ್ಲ. ಕಾಣಲು ಎಷ್ಟೇ ಅಂದವಾಗಿದ್ದರೂ 50 ಮಿ.ಮೀ. ಸೆಟ್ಟನ್ನು ದಾಸ್ತಾನು ಮಾಡದಿರುವುದೇ ಲೇಸು.

ನಮ್ಮ ರಸ್ತೆಗಳ ಮಾತನ್ನೂ ಮರೆಯುವಂತಿಲ್ಲ. ಮಾರುತಿ ಸ್ವಿಫ್ಟ್ ಕಾರಿನ ಗ್ರೌಂಡ್ ಕ್ಲಿಯರೆನ್ಸ್ 163 ಮಿ.ಮೀ. ಎಂದು ಪ್ರಕಟವಾಗಿದೆ. ಇದನ್ನು ಖಾಲಿ ಕಾರಿನ ಅಳತೆಯೆಂದು ಹಿಡಿದರೆ 30 ಮಿ.ಮೀ. ಇಳಿಸಿದಾಗ 133 ಉಳಿಯುತ್ತದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾರ್ಗಸೂಚಿಯಂತೆ ರಸ್ತೆ ಉಬ್ಬು 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ ಇರಬೇಕು. ಅಷ್ಟು ನಿಧಾನವಾಗಿ ಏರಿಳಿಯುವ ಉಬ್ಬು ಕಾರಿನ ಹೊಟ್ಟೆಗೆ ತಾಗುವುದಿಲ್ಲ. ಆದರೆ ಬಡಾವಣೆಗಳಲ್ಲಿ ಎರಡಡಿ ಅಗಲದೊಳಗೆ ಅಷ್ಟೇ ಎತ್ತರ ಕಟ್ಟಿರುವ ಉಬ್ಬುಗಳಿಗೆ ಕೊರತೆಯಿಲ್ಲ. ಅಂತಹ ಉಬ್ಬಿನ ಮೇಲೆ ಉಳಿಯುವುದು 33 ಮಿ.ಮೀ. ನಾಲ್ವರು ಮತ್ತು ಅವರ ಸಾಮಾನು ಸೇರಿ 280 ಕಿ.ಗ್ರಾಂ. ಏರಿದರೆ, ನಾಲ್ಕೂ ಸ್ಪ್ರಿಂಗುಗಳಿಗೆ ಸಮನಾಗಿ ಹಂಚಿದರೂ, ಕಾರು ಸುಮಾರು 28 ಮಿ.ಮೀ. ತಗ್ಗುತ್ತದೆ. ಮಿಕ್ಕಿದ್ದು 5 ಮಿ.ಮೀ.! ಹೊಟ್ಟೆಬಾಕ ಉಬ್ಬುಗಳ ಊರಿನ ಗ್ರಾಹಕನಿಗೆ ಈ ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸುವುದು ವಿವೇಕ.

ಸ್ಟ್ರಟ್‌ನ ಆಯ್ಕೆ

ಸ್ವಿಫ್ಟ್‌ನಂತಹ ಕಾರುಗಳ ಮುಂಭಾಗದಲ್ಲಿರುವುದು ಮ್ಯಾಕ್‌ಫರ್ಸನ್ ಸ್ಟ್ರಟ್. ಅದು ಕೇವಲ ಶಾಕ್ ಅಬ್ಸಾರ್ಬರ್ ಅಲ್ಲ. ಚಕ್ರದ ಗೆಣ್ಣನ್ನು ಹಿಡಿದು ನಿಲ್ಲಿಸುವ ಕಂಬವೂ ಹೌದು, ತಿರುವಿನಲ್ಲಿ ಅಡ್ಡ ಒತ್ತಡವನ್ನು ತಾಳುವುದೂ ಅದೇ. ಹಿಂಭಾಗದಲ್ಲಿ ಸ್ಪ್ರಿಂಗ್ ಬೇರೆ, ಶಾಕ್ ಅಬ್ಸಾರ್ಬರ್ ಬೇರೆ ಇರುವುದರಿಂದ ಅಲ್ಲಿನ ಕೆಲಸ ಸುಲಭ.

ಗಡುಸಾದ ಸ್ಪ್ರಿಂಗ್ ಅದುಮಿಕೊಂಡ ಮೇಲೆ ಹೆಚ್ಚು ಬಲದಿಂದ ಚಿಮ್ಮುತ್ತದೆ. ಆ ಚಿಮ್ಮನ್ನು ಹಿಡಿಯುವುದು ಸ್ಟ್ರಟ್‌ನೊಳಗಿನ ಎಣ್ಣೆ ಮತ್ತು ಕವಾಟಗಳ ಕೆಲಸ. ರೇಟ್ ಶೇ. 25 ಹೆಚ್ಚಿದರೆ ತಡೆಯ ಬಲ ಸುಮಾರು ಶೇ. 12ರಷ್ಟು ಹೆಚ್ಚಬೇಕು. ಹೊಸದಾದ ಮೂಲ ಸ್ಟ್ರಟ್ ಇದನ್ನು ಸ್ವಲ್ಪ ಕಾಲ ನಿಭಾಯಿಸೀತು. ಐವತ್ತು ಅರವತ್ತು ಸಾವಿರ ಕಿಲೋಮೀಟರ್ ಓಡಿ ಸವೆದ ಸ್ಟ್ರಟ್ ನಿಭಾಯಿಸಲಾರದು. ಕಾರು ಉಬ್ಬು ದಾಟಿದ ಬಳಿಕ ಎರಡು ಮೂರು ಸಲ ತೂಗಾಡುತ್ತದೆ. ಆಗ ಗ್ರಾಹಕ ಬೈಯುವುದು ಸ್ಪ್ರಿಂಗನ್ನೇ.

ವೆಚ್ಚದ ಲೆಕ್ಕವೂ ಇದೇ ಕಡೆಗೆ ಬೆರಳು ತೋರಿಸುತ್ತದೆ. ಸ್ಪ್ರಿಂಗ್ ಸೆಟ್ಟಿಗೆ ರೂ. 14,000, ಸ್ಟ್ರಟ್ ಮತ್ತು ಶಾಕ್ ಅಬ್ಸಾರ್ಬರ್ ಸೆಟ್ಟಿಗೆ ರೂ. 24,000, ಕೂಲಿ ಮತ್ತು ವೀಲ್ ಅಲೈನ್‌ಮೆಂಟ್‌ಗೆ ರೂ. 4,000 ಎಂದು ಇಟ್ಟುಕೊಳ್ಳೋಣ (ಅಂಕಿಗಳು ಉದಾಹರಣೆಗೆ ಮಾತ್ರ). ಒಟ್ಟಿಗೆ ಮಾಡಿಸಿದರೆ ರೂ. 42,000. ಮೊದಲು ಸ್ಪ್ರಿಂಗ್ ಮಾತ್ರ ಹಾಕಿ ವರ್ಷದ ಬಳಿಕ ಸ್ಟ್ರಟ್ ಬದಲಿಸಿದರೆ ಅದೇ ಜೋಡಣೆಯನ್ನು ಮತ್ತೊಮ್ಮೆ ಬಿಚ್ಚಬೇಕಾಗುವುದರಿಂದ ರೂ. 46,000. ಅಲೈನ್‌ಮೆಂಟ್ ಮಾಡಿಸದೆ ಬಿಟ್ಟವರ ಟೈರುಗಳು ಒಳ ಅಂಚಿನಲ್ಲಿ ಸವೆಯುವ ನಷ್ಟ ಇದರಲ್ಲಿ ಸೇರಿಲ್ಲ. ಸ್ಟ್ರಟ್ ಬಿಚ್ಚಿದಾಗಲೇ ಮೇಲಿನ ಬೇರಿಂಗ್, ಬಂಪ್ ಸ್ಟಾಪ್, ಧೂಳು ತಡೆಯುವ ರಬ್ಬರ್ ಚೀಲ ಇವುಗಳನ್ನೂ ಬದಲಿಸುವುದು ಒಳ್ಳೆಯದು; ಅಂಗಡಿಗೂ ಅದು ಲಾಭವೇ.

ಮೂಲ ಸ್ಪ್ರಿಂಗಿನ ಒಂದು ಸುತ್ತನ್ನು ಕತ್ತರಿಸುವ, ಅಥವಾ ಗ್ಯಾಸ್ ಜ್ವಾಲೆಯಿಂದ ಕಾಯಿಸಿ ಕುಗ್ಗಿಸುವ ಪದ್ಧತಿ ಕೆಲವು ಗ್ಯಾರೇಜುಗಳಲ್ಲಿ ಇದೆ. ಕಾಯಿಸಿದ ಉಕ್ಕು ತನ್ನ ಹದವನ್ನು ಕಳೆದುಕೊಳ್ಳುತ್ತದೆ. ಇದು ಆಯ್ಕೆಯ ಪಟ್ಟಿಯಲ್ಲಿ ಇರಲೇಬಾರದು. ಇನ್ನು ಪೀಣ್ಯದಂತಹ ಕೈಗಾರಿಕಾ ಪ್ರದೇಶಗಳಲ್ಲಿ ಸ್ಪ್ರಿಂಗ್ ಸುತ್ತುವ ಸಣ್ಣ ಉದ್ಯಮಿಗಳು ನೆನಪಿಡಬೇಕಾದುದೆಂದರೆ, ರೇಟ್ ತಂತಿಯ ವ್ಯಾಸದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿರುತ್ತದೆ. 12 ಮಿ.ಮೀ. ತಂತಿ ಸಿಗಲಿಲ್ಲವೆಂದು 13 ಮಿ.ಮೀ. ತಂತಿಯಲ್ಲಿ ಅದೇ ಅಳತೆಗೆ ಸುತ್ತಿಕೊಟ್ಟರೆ ರೇಟ್ ಸುಮಾರು ಶೇ. 38 ಏರುತ್ತದೆ. ‘ಒಂದೇ ಮಿಲಿಮೀಟರ್ ಅಲ್ಲವೇ’ ಎನ್ನುವಂತಿಲ್ಲ.

ಕಾನೂನು ಮತ್ತು ಹೊಣೆ

ಮೋಟಾರು ವಾಹನಗಳ ಕಾಯ್ದೆ, 1988ರ 52ನೇ ಕಲಮು ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. ಕೇರಳದ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ಈ ಕಲಮಿನ ಒತ್ತು ಇರುವುದು ತಯಾರಕರ ಮೂಲ ವಿವರಗಳನ್ನು ಕಾಪಾಡುವುದರ ಮೇಲೆಯೇ ಎಂದು ಸ್ಪಷ್ಟಪಡಿಸಿತು. ಅದೇ ವರ್ಷದ ತಿದ್ದುಪಡಿಯಿಂದ ಸೇರ್ಪಡೆಯಾದ 182ಎ ಕಲಮಿನಂತೆ, ಅನುಮತಿಯಿಲ್ಲದ ರೀತಿಯಲ್ಲಿ ವಾಹನವನ್ನು ಮಾರ್ಪಡಿಸಿದ ಮಾಲೀಕನಿಗೆ ಆರು ತಿಂಗಳವರೆಗೆ ಕಾರಾವಾಸ, ಅಥವಾ ಪ್ರತಿ ಮಾರ್ಪಾಡಿಗೆ ರೂ. 5,000 ದಂಡ, ಅಥವಾ ಎರಡನ್ನೂ ವಿಧಿಸಬಹುದು. ಕೇಂದ್ರ ಸರ್ಕಾರವು ನಿರ್ಣಾಯಕ ಸುರಕ್ಷತಾ ಭಾಗವೆಂದು ಅಧಿಸೂಚಿಸಿದ, ಆದರೆ ಮಾನಕಗಳಿಗೆ ಒಪ್ಪದ ಬಿಡಿಭಾಗವನ್ನು ಮಾರಿದವರಿಗೆ ಒಂದು ವರ್ಷದವರೆಗೆ ಕಾರಾವಾಸ ಅಥವಾ ಪ್ರತಿ ಭಾಗಕ್ಕೆ ಒಂದು ಲಕ್ಷ ರೂಪಾಯಿ ದಂಡ ಅಥವಾ ಎರಡೂ ಇವೆ. ಎತ್ತರದ ಅಳತೆ ಆರ್.ಸಿ. ಪುಸ್ತಕದಲ್ಲಿ ನಮೂದಾಗಿಲ್ಲ ಎಂಬ ವಾದವನ್ನು ನಂಬಿ ಕೂರುವುದು ಸುರಕ್ಷಿತವಲ್ಲ.

ತಗ್ಗಿಸಿದ ಕಾರಿಗೆ ನಿಜವಾದ ಜಾಗ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಂತಹ ನಯವಾದ ಟ್ರ್ಯಾಕು. ಚಿಕ್ಕಮಗಳೂರಿನ ತೋಟಗಳ ಮಣ್ಣು ರಸ್ತೆಯ ರ್ಯಾಲಿಗೆ ಹೋಗುವವರಿಗೆ ಬೇಕಾದುದು ಇದಕ್ಕೆ ತದ್ವಿರುದ್ಧ. ಟ್ರ್ಯಾಕಿನ ಬಳಕೆಗೆಂದು ಮಾರಿದ ಸೆಟ್ಟಿನ ಬಿಲ್ಲಿನಲ್ಲಿ ಹಾಗೆಂದು ನಮೂದಿಸುವುದು ಒಳ್ಳೆಯದು. ಆದರೆ ಆ ಒಂದು ಸಾಲು ಸಕಲ ಹೊಣೆಯಿಂದಲೂ ಪಾರುಮಾಡುತ್ತದೆಂದು ಭಾವಿಸಬಾರದು. ಮಾರ್ಪಾಡನ್ನು ವಿಮಾ ಕಂಪನಿಗೆ ತಿಳಿಸದೆ ಇದ್ದರೆ ಸ್ವಂತ ಹಾನಿಯ ಕ್ಲೇಮು ವಿವಾದಕ್ಕೀಡಾಗಬಹುದು ಎಂಬುದನ್ನು ಗ್ರಾಹಕನಿಗೆ ಮೊದಲೇ ಹೇಳತಕ್ಕದ್ದು.

2020ರ ಜುಲೈನಲ್ಲಿ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಕಾಯ್ದೆ, 2019 ಉತ್ಪನ್ನದ ಹೊಣೆಗಾರಿಕೆಯನ್ನು ಮಾರಾಟಗಾರನಿಗೂ ವಿಸ್ತರಿಸಿದೆ. ತಯಾರಕ ಯಾರೆಂದು ಗೊತ್ತಿಲ್ಲದ ಸರಕು ಮಾರಿದಾಗ, ಜೋಡಣೆಯಲ್ಲಿ ಎಚ್ಚರ ವಹಿಸದಿದ್ದಾಗ, ಅಥವಾ ತಯಾರಕರ ಎಚ್ಚರಿಕೆಯನ್ನು ಗ್ರಾಹಕನಿಗೆ ದಾಟಿಸದಿದ್ದಾಗ ಹಾನಿಯ ಹೊಣೆ ಅಂಗಡಿಯವನ ಮೇಲೆ ಬೀಳಬಹುದು. ಹೆಸರಿಲ್ಲದ ಡಬ್ಬಿಯಲ್ಲಿ ಬರುವ ಅಗ್ಗದ ಸ್ಪ್ರಿಂಗಿನ ನಿಜವಾದ ಬೆಲೆ ಇಲ್ಲಿ ಅಡಗಿದೆ. ತಯಾರಕರ ಖರೀದಿ ಬಿಲ್ಲು, ಪಾರ್ಟ್ ನಂಬರು, ಕಾರಿನ ಮಾದರಿ ಮತ್ತು ವರ್ಷ, ಅಲೈನ್‌ಮೆಂಟ್ ವರದಿಯ ಪ್ರತಿ ಇವಿಷ್ಟನ್ನೂ ಒಂದೇ ಕಡತದಲ್ಲಿ ಇಡತಕ್ಕದ್ದು.

ಜಿ.ಎಸ್.ಟಿ. ಬಿಲ್ಲಿನಲ್ಲಿ ಒಂದು ಸೂಕ್ಷ್ಮವಿದೆ. ಸ್ಟ್ರಟ್ ಮತ್ತು ಶಾಕ್ ಅಬ್ಸಾರ್ಬರ್‌ಗಳು ವಾಹನ ಬಿಡಿಭಾಗಗಳ 8708ನೇ ಶೀರ್ಷಿಕೆಗೆ ಸೇರಿದರೆ, ಬಿಡಿಯಾಗಿ ಮಾರುವ ಉಕ್ಕಿನ ಸ್ಪ್ರಿಂಗ್‌ಗಳು ‘ಸಾಮಾನ್ಯ ಬಳಕೆಯ ಭಾಗ’ಗಳೆಂಬ ಟಿಪ್ಪಣಿಯ ಕಾರಣದಿಂದ 7320ಕ್ಕೆ ಸೇರುತ್ತವೆ. 8708ರ ಮೇಲಿದ್ದ ಶೇ. 28ರ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇ. 18ಕ್ಕೆ ಇಳಿದಿದ್ದು, ಈಗ ಎರಡಕ್ಕೂ ಶೇ. 18ರ ದರವೇ ಅನ್ವಯಿಸುತ್ತದೆ. ಆದರೂ ಎರಡನ್ನೂ ಒಂದೇ ಸಾಲಿನಲ್ಲಿ ಬರೆಯದೆ ಪ್ರತ್ಯೇಕ ಸಂಖ್ಯೆಯೊಡನೆ ನಮೂದಿಸಬೇಕು. ಹಿಂದಿನ ವರ್ಷಗಳ ಲೆಕ್ಕಪತ್ರಗಳ ಪರಿಶೀಲನೆ ಬಂದಾಗ ಅಧಿಕಾರಿಗಳು ಮೊದಲು ನೋಡುವುದು ಈ ವಿಂಗಡಣೆಯನ್ನೇ.