ಅಂಬೆಗಾಲಿಗೆ ಗಡುವಿಲ್ಲ, ಸೂಜಿಗೆ ಇದೆ

ಮಲೆನಾಡಿನವರಿಗೆಂದೇ ಮಾಡಿದಂತಿರುವ ಅಧ್ಯಯನವೊಂದು ಇಸ್ರೇಲಿನ ಹೈಫಾದಿಂದ ಬಂದಿದೆ. 2013ರಲ್ಲಿ ಪ್ರಕಟವಾದ ಅದರಲ್ಲಿದ್ದದ್ದು ಬರೀ 47 ಮಕ್ಕಳು. ಡಿಸೆಂಬರಿನಿಂದ ಮೇ ಒಳಗೆ ಹುಟ್ಟಿದವು ಸರಾಸರಿ 30 ವಾರಕ್ಕೆ ಅಂಬೆಗಾಲಿಕ್ಕಿದವು. ಜೂನ್‌ನಿಂದ ನವೆಂಬರ್ ಒಳಗೆ ಹುಟ್ಟಿದವಕ್ಕೆ 35 ವಾರ ಬೇಕಾಯಿತು. ಸಂಶೋಧಕರು ಊಹಿಸಿದ ಕಾರಣ ಸರಳ: ಏಳನೇ ತಿಂಗಳು ಚಳಿಗೆ ಸಿಕ್ಕ ಮಗುವಿನ ಮೈಮೇಲೆ ಬಟ್ಟೆ ಹೆಚ್ಚು, ನೆಲಕ್ಕೆ ಬಿಡುವುದು ಕಡಿಮೆ, ಹಾಗಾಗಿ ತಡ. ಈ ಲೆಕ್ಕವನ್ನು ತೀರ್ಥಹಳ್ಳಿಗೋ ಹೊಸನಗರಕ್ಕೋ ತಂದರೆ ಪಂಚಾಂಗವೇ ತಿರುಗಿ ನಿಲ್ಲಬೇಕು. ನಮ್ಮಲ್ಲಿ ನೆಲ ಕೆಡುವುದು ಮಳೆಗಾಲದಲ್ಲಿ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಮಳೆ ಹೊಡೆಯುವ ಆಗುಂಬೆಯಲ್ಲಿ, ಹುಲಿಕಲ್ಲಿನಲ್ಲಿ, ಆಷಾಢದ ಸಿಮೆಂಟು ನೆಲ ಬೆವರುತ್ತದೆ. ಬಟ್ಟೆ ಒಣಗುವುದು ಒಲೆಯ ಮೇಲಿನ ಗಳುವಿನಲ್ಲಿ. ಡಿಸೆಂಬರಿನಲ್ಲಿ ಹುಟ್ಟಿದ ಕೂಸಿಗೆ ಏಳು ತಿಂಗಳು ತುಂಬುವುದು ಸರಿಯಾಗಿ ಆಗಲೇ. ತೊಟ್ಟಿಲಿಂದ ಮಡಿಲಿಗೆ, ಮಡಿಲಿಂದ ಕಂಬಳಿಗೆ ಓಡಾಡುವ ಆ ಮಗು, ಜೂನ್‌ನಲ್ಲಿ ಹುಟ್ಟಿ ಜನವರಿಯ ಒಣನೆಲಕ್ಕೆ ಇಳಿದ ಪಕ್ಕದ ಮನೆಯ ಮಗುವಿಗಿಂತ ಹಿಂದೆ ಬಿದ್ದರೆ ಅದರಲ್ಲಿ ಗಾಬರಿಗೇನೂ ಇಲ್ಲ.

ಅಂಬೆಗಾಲಿನ ಬಗ್ಗೆ ಇನ್ನಷ್ಟು ಹೇಳಲೇಬೇಕು, ಏಕೆಂದರೆ ಇದರಷ್ಟು ಅನಗತ್ಯ ಚಿಂತೆ ಹುಟ್ಟಿಸಿದ್ದು ಬೇರೊಂದಿಲ್ಲ. ಬೆಣ್ಣೆಯುಂಡೆ ಹಿಡಿದ ಕೃಷ್ಣ ಮನೆಮನೆಯ ಗೋಡೆಯಲ್ಲಿ ಇರುವುದರಿಂದ ಮಂಡಿಯೂರಿ ಹರಿದಾಡದ ಮಗು ಏನನ್ನೋ ಕಳೆದುಕೊಂಡಿತು ಎನಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಭಾರತ, ಘಾನಾ, ನಾರ್ವೆ, ಒಮಾನ್ ಮತ್ತು ಅಮೆರಿಕದ ಮಕ್ಕಳನ್ನು ತಿಂಗಳುಗಟ್ಟಲೆ ಗಮನಿಸಿ 2006ರಲ್ಲಿ ಪ್ರಕಟಿಸಿದ ಲೆಕ್ಕ ನೋಡಿ: ನೂರಕ್ಕೆ ನಾಲ್ಕು ಮಕ್ಕಳು ಅಂಬೆಗಾಲೇ ಇಕ್ಕಲಿಲ್ಲ, ಆದರೂ ನಡೆದವು. ಕೆಲವು ಕೂತಲ್ಲೇ ಅಂಡೂರಿಕೊಂಡು ಜರುಗುತ್ತವೆ, ಕೆಲವು ಹೊಟ್ಟೆಯಲ್ಲೇ ತೆವಳಿ ಒಂದು ದಿನ ಕಿಟಕಿಯ ಸರಳು ಹಿಡಿದು ಎದ್ದು ನಿಲ್ಲುತ್ತವೆ. ಯಾರ ಆಸರೆಯೂ ಇಲ್ಲದೆ ನಡೆಯುವ ವಯಸ್ಸಿಗೆ ಆ ಅಧ್ಯಯನ ಕೊಟ್ಟ ಅವಧಿ 8.2 ತಿಂಗಳಿನಿಂದ 17.6 ತಿಂಗಳು. ಒಂಬತ್ತು ತಿಂಗಳಿಗೂ ಮಿಕ್ಕಿದ ಅಂತರ! ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2022ರಲ್ಲಿ ತನ್ನ ಮೈಲಿಗಲ್ಲುಗಳ ಪಟ್ಟಿಯಿಂದ ಅಂಬೆಗಾಲನ್ನೇ ತೆಗೆದುಹಾಕಿತು. ಫಿಸಿಯೋಥೆರಪಿಯವರು ಹಲವರು ಸಿಟ್ಟಾದರು, ನನಗಂತೂ ಸರಿಯೆನಿಸುತ್ತದೆ.

ಹಾಗೆ ನೋಡಿದರೆ ಬಾಣಂತನದ ಮನೆಗಳಲ್ಲಿ ಅಜ್ಜಿಯಂದಿರು ‘ಅದರ ಪಾಡಿಗೆ ಅದು ನಡೀತದೆ ಬಿಡು’ ಎನ್ನುವುದು ಉಡಾಫೆಯಲ್ಲ. ಬಚ್ಚಲಲ್ಲಿ ಕಾಲು ಚಾಚಿ ಕೂತು, ಎಣ್ಣೆ ಹಚ್ಚಿದ ಕೂಸನ್ನು ಎರಡೂ ಕಾಲಿನ ಮೇಲೆ ಬೋರಲು ಮಲಗಿಸಿ, ಬೆನ್ನಿಗೆ ಹಂಡೆಯ ನೀರು ಹೊಯ್ಯುವಾಗ ಮಗು ಕತ್ತೆತ್ತಿ ಒದ್ದಾಡುತ್ತದಲ್ಲ, ಡಾಕ್ಟರರು ದಿನಕ್ಕಿಷ್ಟು ಹೊತ್ತು ಮಾಡಿಸಿ ಎಂದು ಹೇಳುವ ಬೋರಲು ವ್ಯಾಯಾಮ ಅದೇ. ಜಮೈಕಾದ ತಾಯಂದಿರು ಹೀಗೇ ಮೈ ತಿಕ್ಕಿ, ಕೈಕಾಲು ಎಳೆದು ಬೆಳೆಸಿದ ಮಕ್ಕಳು ಬೇಗ ಕೂತು ಬೇಗ ನಡೆದುದನ್ನು 1980ರ ದಶಕದ ಅಧ್ಯಯನಗಳು ದಾಖಲಿಸಿವೆ. ತಜಿಕಿಸ್ತಾನದಲ್ಲಿ ಗಂಟೆಗಟ್ಟಲೆ ತೊಟ್ಟಿಲಿಗೆ ಕಟ್ಟಿಹಾಕಿದ ಮಕ್ಕಳು ತಡವಾಗಿ ನಡೆದವು, ಆದರೆ ನಾಲ್ಕೈದು ವರ್ಷಕ್ಕೆ ಉಳಿದವರ ಸಮಕ್ಕೆ ಬಂದವು. ಅಜ್ಜಿಯ ಮೇಲಿನ ಪ್ರೀತಿ ಮಾತ್ರ ಕಿವಿ, ಮೂಗಿಗೆ ಎಣ್ಣೆ ಬಿಡುವವರೆಗೆ ಹೋಗಬಾರದು; ವರ್ಷ ತುಂಬುವ ಮೊದಲು ಬಜೆ ತೇಯ್ದು ಜೇನು ಕಲಸಿ ನೆಕ್ಕಿಸುವುದೂ ಬೇಡ. ಜೇನಿನಲ್ಲಿರಬಹುದಾದ ಬೊಟುಲಿನಂ ಬೀಜಕಣ ಎಳೆಗರುಳಿನಲ್ಲಿ ಮೊಳೆತು ವಿಷವಾಗುತ್ತದೆ.

ತಕರಾರು ಇರುವುದು ಈ ನಿಧಾನವನ್ನು ನಾವು ತಪ್ಪು ಜಾಗಕ್ಕೆ ಹಚ್ಚುವುದರಲ್ಲಿ. ತಾಯಿ ಕಾರ್ಡಿನಲ್ಲಿ ಬೆಳವಣಿಗೆಯ ಮೈಲಿಗಲ್ಲೂ ಇದೆ, ಲಸಿಕೆಯ ದಿನಾಂಕವೂ ಇದೆ. ಹಿಗ್ಗುವ ಮೊದಲನೆಯದಕ್ಕೆ ನಿದ್ದೆಗೆಡುತ್ತೇವೆ, ಹಿಗ್ಗದ ಎರಡನೆಯದಕ್ಕೆ ‘ಮಳೆ ಜೋರಿದೆ, ಮುಂದಿನ ಗುರುವಾರ ಹೋದರಾಯಿತು’ ಎನ್ನುತ್ತೇವೆ. ಹೆಪಟೈಟಿಸ್-ಬಿಯ ಮೊದಲ ಡೋಸ್ ಹುಟ್ಟಿದ 24 ಗಂಟೆಯೊಳಗೆ ಬೀಳಬೇಕು, ಏಕೆಂದರೆ ಹೆರಿಗೆಯ ಹೊತ್ತಿಗೆ ತಾಯಿಯಿಂದ ಸೋಂಕು ತಗಲಿದ ಮಕ್ಕಳಲ್ಲಿ ಹತ್ತರಲ್ಲಿ ಒಂಬತ್ತಕ್ಕೆ ಅದು ಬಹುಕಾಲ ಅಂಟಿಕೊಳ್ಳುತ್ತದೆ. ಪೆಂಟಾ ಲಸಿಕೆ 6, 10, 14 ವಾರಕ್ಕೆ ಇರುವುದು ನಾಯಿಕೆಮ್ಮು ಕೊಲ್ಲುವುದು ಹೆಚ್ಚಾಗಿ ಆ ಮೊದಲ ತಿಂಗಳುಗಳಲ್ಲಿ ಎಂಬ ಕಾರಣಕ್ಕೆ. ದಡಾರ-ರುಬೆಲ್ಲಾ ಒಂಬತ್ತು ತಿಂಗಳು ಕಾಯುವುದಕ್ಕೂ ಅರ್ಥವಿದೆ: ತಾಯಿಯಿಂದ ಬಂದ ಪ್ರತಿಕಾಯಗಳು ಅದಕ್ಕೂ ಮೊದಲು ಲಸಿಕೆಯನ್ನೇ ತಟಸ್ಥಗೊಳಿಸಬಹುದು. ಅವು ಕರಗಿದ ಮೇಲೆ ತಡಮಾಡಿದಷ್ಟು ದಿನವೂ ಮಗುವಿಗೆ ಅದೂ ಇಲ್ಲ, ಇದೂ ಇಲ್ಲ.

ಸಾಗರದ ಕಡೆ ಇದಕ್ಕೊಂದು ಗಟ್ಟಿ ಆಕ್ಷೇಪ ಬರುತ್ತದೆ, ಅದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವಂತಿಲ್ಲ. 2018-19ರಲ್ಲಿ ಅರಳಗೋಡಿನ ಸುತ್ತ ಮಂಗನ ಕಾಯಿಲೆ ಸಾವು ತಂದಾಗ ಲಸಿಕೆ ಹಾಕಿಸಿಕೊಂಡವರಿಗೂ ಕಾಯಿಲೆ ಬಂತು. 2022ರಲ್ಲಿ ಆ ಲಸಿಕೆಯೇ ನಿಂತುಹೋಯಿತು. ‘ಅದನ್ನೂ ನಂಬಿ ಅಂದಿದ್ದರಲ್ಲ?’ ಪ್ರಶ್ನೆ ನ್ಯಾಯವಾದದ್ದೇ. ಆದರೆ ಅದು ಕೋಳಿಭ್ರೂಣದ ಜೀವಕೋಶದಲ್ಲಿ ಬೆಳೆಸಿದ ಹಳೆಯ ಮಾದರಿ, ಮತ್ತೆ ಮತ್ತೆ ಬೂಸ್ಟರ್ ಬೇಡುತ್ತಿದ್ದದ್ದು, ಆರು ವರ್ಷದೊಳಗಿನವರಿಗೆ ಕೊಡುತ್ತಲೇ ಇರಲಿಲ್ಲ. ಅದರ ಕಸುವು ಸಾಲದೆಂದು ತಿಳಿದದ್ದು ಅಳೆದು ನೋಡಿದ್ದರಿಂದ. ದಡಾರದ ಲಸಿಕೆಯನ್ನೂ ಜಗತ್ತು ಅರ್ಧ ಶತಮಾನದಿಂದ ಹಾಗೇ ಅಳೆಯುತ್ತಿದೆ, ಅದು ನಿಂತಿದೆ. ಪೆಂಟಾ ಹಾಕಿಸಿದ ರಾತ್ರಿ ಜ್ವರ ಬರುವುದು ನಿಜ, ಮುಖ್ಯವಾಗಿ ನಾಯಿಕೆಮ್ಮಿನ ಅಂಶದಿಂದ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತದೆ. ಇನ್ನೊಂದು ಆಕ್ಷೇಪ ಎದುರು ದಿಕ್ಕಿನದು: ಮೈಲಿಗಲ್ಲು ಹಿಗ್ಗುವುದಾದರೆ ತೋರಿಸುವುದೇ ಬೇಡವೇ? ಬೇಕು, ಆದರೆ ನೋಡಬೇಕಾದ್ದು ಬೇರೆ. ಕಲಿತದ್ದನ್ನು ಮರೆತ ಮಗು, ಒಂದೇ ಕಡೆಯ ಕೈಕಾಲು ಆಡಿಸುವ ಮಗು, ಪಾತ್ರೆ ಬಿದ್ದ ಸದ್ದಿಗೂ ಬೆಚ್ಚದ ಮಗು, ವರ್ಷದೊಳಗೇ ಬಲಗೈಯನ್ನೋ ಎಡಗೈಯನ್ನೋ ಮಾತ್ರ ಬಳಸುವ ಮಗು, ಇವಕ್ಕೆ 17.6 ತಿಂಗಳ ರಿಯಾಯಿತಿ ಇಲ್ಲ. ತಾಲ್ಲೂಕು ಆಸ್ಪತ್ರೆಗೆ, ಅಲ್ಲಿಂದ ಬೇಕಾದರೆ ಶಿವಮೊಗ್ಗದ ಮೆಗ್ಗಾನ್‌ಗೆ, ಆ ವಾರವೇ ಹೋಗಬೇಕು.

ಡೋಸ್ ತಪ್ಪುವುದು ಸದಾ ಅನುಮಾನದಿಂದಲೇ ಅಲ್ಲ, ಬಾಣಂತನದ ಪ್ರಯಾಣದಿಂದಲೂ. ಹೆರಿಗೆ ತವರಿನ ತೀರ್ಥಹಳ್ಳಿಯಲ್ಲಿ, ಗಂಡನ ಮನೆ ಶರಾವತಿ ಹಿನ್ನೀರಿನಾಚೆ ತುಮರಿಯ ಕಡೆ ಎಂದಿಟ್ಟುಕೊಳ್ಳಿ. ಬಾಣಂತಿ ಮರಳುವುದು ಮೂರು ತಿಂಗಳಿಗೆ. ಮೂರನೇ ಪೆಂಟಾ 14 ವಾರಕ್ಕೆ, ಅಂದರೆ ಸರಿಯಾಗಿ ಸಾಮಾನು ಕಟ್ಟುವ ಹೊತ್ತಿಗೆ. ತವರಿನ ಆಶಾ ಕಾರ್ಯಕರ್ತೆ ಮಗು ಊರು ಬಿಟ್ಟಿತೆಂದುಕೊಳ್ಳುತ್ತಾರೆ, ಇಲ್ಲಿನ ಆಶಾಗೆ ಬಂದದ್ದೇ ತಿಳಿಯದು. ಮೊದಲಾದರೆ ಲಾಂಚಿನ ಸಮಯ ಮೀರಿದರೆ ಸಾಗರಕ್ಕೆ ಹೋಗುವುದೇ ಕಷ್ಟವಿತ್ತು. 2025ರ ಜುಲೈ 14ರಂದು 2.44 ಕಿಲೋಮೀಟರಿನ ಸಿಗಂದೂರು ಸೇತುವೆ ತೆರೆದ ಮೇಲೆ ಆ ನೆಪ ಉಳಿದಿಲ್ಲ. ಕಾರ್ಡು ಎಲ್ಲಿಯದೇ ಇರಲಿ, ಯಾವ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಾದರೂ ಮುಂದಿನ ಡೋಸ್ ಸಿಗುತ್ತದೆ, ದುಡ್ಡಿಲ್ಲದೆ. ಎರಡು ತಿಂಗಳು ತಡವಾಗಿದ್ದರೂ ಮೊದಲಿಂದ ಶುರುಮಾಡಬೇಕಿಲ್ಲ, ಬಿಟ್ಟಲ್ಲಿಂದ ಹಿಡಿದರೆ ಸಾಕು. ತೊಟ್ಟಿಲ ಬಟ್ಟೆಯ ಚೀಲದಲ್ಲಿ ಮೊದಲು ಇಡಬೇಕಾದ್ದು ಆ ಕಾರ್ಡನ್ನು.