ಒಂದು ಕೆರೆ, ಮೂರು ಹೆಸರು: ಬಿಬಿಡಿ ಬಾಗ್

ಕೋಲ್ಕತ್ತಾದ ಬಸ್ಸುಗಳ ಬೋರ್ಡಿನಲ್ಲಿ 'ಬಿಬಿಡಿ ಬಾಗ್' ಎಂಬ ಹೆಸರನ್ನು ನೀವು ಓದಿರುತ್ತೀರಿ. ಬಾಗ್ ಎಂದರೆ ನಮ್ಮ ಲಾಲ್‌ಬಾಗ್‌ನಲ್ಲಿರುವಂತೆ ತೋಟ. ಆದರೆ 'ಬಿಬಿಡಿ' ಎಂದರೇನು ಗೊತ್ತೇ? ಬಿನಯ್, ಬಾದಲ್, ದಿನೇಶ್ ಎಂಬ ಮೂವರು ಯುವಕರ ಹೆಸರಿನ ಮೊದಲ ಅಕ್ಷರಗಳು.

ಅವರ ಕಥೆಗೆ ಮುಂಚೆ ಊರಿನ ಕಥೆ ಕೇಳಿ. ನಮ್ಮ ಎಷ್ಟೋ ಊರುಗಳಂತೆ ಇದೂ ಕೆರೆಯ ಸುತ್ತ ಬೆಳೆದ ಊರು. ಚೌಕದ ನಡುವಿನ ಲಾಲ್ ದೀಘಿಯೇ ಆ ಕೆರೆ. ಈಸ್ಟ್ ಇಂಡಿಯಾ ಕಂಪನಿಯವರು ಇದರ ಪಕ್ಕದಲ್ಲೇ, ಹೂಗ್ಲಿ ನದಿಯ ದಡದಲ್ಲಿ, ಮೊದಲ ಕೋಟೆ ಕಟ್ಟಿದರು. ಕುಡಿಯುವ ನೀರಿಗೂ ಇದೇ ಕೆರೆ. ಹಾಗಾಗಿ ಮೊದಲ ಹೆಸರು ಟ್ಯಾಂಕ್ ಸ್ಕ್ವೇರ್. 1756ರಲ್ಲಿ ನವಾಬ ಸಿರಾಜುದ್ದೌಲ ಆ ಕೋಟೆಯನ್ನು ಗೆದ್ದುಕೊಂಡ. ಕೋಟೆ ಇದ್ದ ಜಾಗದಲ್ಲಿ ಈಗ 1868ರ ಜನರಲ್ ಪೋಸ್ಟ್ ಆಫೀಸ್ ಇದೆ. ಅದರ ಮೆಟ್ಟಿಲುಗಳ ಮೇಲೆ ಹಿತ್ತಾಳೆಯ ಪಟ್ಟಿ ಕಂಡರೆ ನಿಂತು ನೋಡಿ, ಹಳೆಯ ಕೋಟೆಗೋಡೆ ಇದ್ದ ಗುರುತು ಅದು.

ಕೆರೆಯ ಉತ್ತರಕ್ಕೆ ಉದ್ದಕ್ಕೂ ಚಾಚಿರುವ ಕೆಂಪು ಕಟ್ಟಡವೇ ರೈಟರ್ಸ್ ಬಿಲ್ಡಿಂಗ್. 'ರೈಟರ್' ಎಂದರೆ ಇಲ್ಲಿ ಸಾಹಿತಿ ಅಲ್ಲ, ಕಂಪನಿಯ ಗುಮಾಸ್ತ. ಅವರಿಗಾಗಿ 1777ರಲ್ಲಿ ಶುರುವಾದ ಕಟ್ಟಡ ಮುಂದೆ ಬಂಗಾಳ ಸರ್ಕಾರದ ಕಚೇರಿಯಾಯಿತು.

ಎರಡನೆಯ ಹೆಸರು ಡಾಲ್‌ಹೌಸಿ ಸ್ಕ್ವೇರ್. 1848ರಿಂದ 1856ರವರೆಗೆ ಗವರ್ನರ್ ಜನರಲ್ ಆಗಿದ್ದ ಡಾಲ್‌ಹೌಸಿ ಕನ್ನಡಿಗರಿಗೂ ಅಪರಿಚಿತನಲ್ಲ. ದತ್ತುಮಕ್ಕಳಿಗೆ ಸಂಸ್ಥಾನದ ಹಕ್ಕಿಲ್ಲ ಎಂಬ ಅವನ ನೀತಿಯ ಬಿಸಿ ನರಗುಂದಕ್ಕೂ ತಟ್ಟಿತು. ಅಲ್ಲಿನ ಬಾಬಾಸಾಹೇಬ 1858ರಲ್ಲಿ ಬಂಡೆದ್ದ, ಬೆಳಗಾವಿಯಲ್ಲಿ ಗಲ್ಲಿಗೇರಿದ.

ನಮ್ಮ ನಾಡಿನ ನೆನಪು ಇನ್ನೂ ಒಂದಿದೆ. 1806ರ ವೆಲ್ಲೂರು ದಂಗೆಯ ನಂತರ ಟಿಪ್ಪುವಿನ ಮಕ್ಕಳನ್ನು ಬ್ರಿಟಿಷರು ಕಲ್ಕತ್ತೆಗೆ ಸಾಗಿಸಿದರು. ಕಿರಿಯ ಮಗ ಗುಲಾಮ್ ಮೊಹಮ್ಮದ್ 1842ರಲ್ಲಿ ತಂದೆಯ ಹೆಸರಿನಲ್ಲಿ ಕಟ್ಟಿಸಿದ ಮಸೀದಿ ಧರ್ಮತಲಾದಲ್ಲಿದೆ. ಚೌಕದಿಂದ ಆರಾಮವಾಗಿ ನಡೆದೇ ಹೋಗಬಹುದು.

ಈಗ ಮೂರನೆಯ ಹೆಸರು. 1930ರ ಡಿಸೆಂಬರ್ 8ರಂದು ಬಿನಯ್ ಬಸು, ಬಾದಲ್ ಗುಪ್ತ, ದಿನೇಶ್ ಗುಪ್ತ ಸಾಹೇಬರ ಉಡುಪು ಧರಿಸಿ ರೈಟರ್ಸ್ ಬಿಲ್ಡಿಂಗ್ ಹೊಕ್ಕರು. ರಾಜಕೀಯ ಕೈದಿಗಳನ್ನು ಹಿಂಸಿಸುತ್ತಿದ್ದನೆಂದು ಕುಖ್ಯಾತನಾಗಿದ್ದ ಜೈಲುಗಳ ಮುಖ್ಯಾಧಿಕಾರಿ ಸಿಂಪ್ಸನ್‌ನನ್ನು ಗುಂಡಿಟ್ಟು ಕೊಂದರು. ಪೊಲೀಸರು ಸುತ್ತುವರಿದಾಗ ಬಾದಲ್ ವಿಷ ನುಂಗಿ ಅಲ್ಲೇ ಪ್ರಾಣಬಿಟ್ಟ. ಉಳಿದಿಬ್ಬರು ತಮಗೆ ತಾವೇ ಗುಂಡು ಹಾರಿಸಿಕೊಂಡರು. ಬಿನಯ್ ಐದು ದಿನಗಳ ನಂತರ ಆಸ್ಪತ್ರೆಯಲ್ಲಿ ತೀರಿಕೊಂಡ. ಬದುಕುಳಿದ ದಿನೇಶನನ್ನು 1931ರ ಜುಲೈ 7ರಂದು ಗಲ್ಲಿಗೇರಿಸಿದರು. ಬಿನಯ್‌ಗೆ ಆಗಷ್ಟೇ 22 ತುಂಬಿತ್ತು, ಇನ್ನಿಬ್ಬರು ಅವನಿಗಿಂತ ಚಿಕ್ಕವರು.

ಸ್ವಾತಂತ್ರ್ಯದ ನಂತರ ಆಳಿದವನ ಹೆಸರು ಹೋಗಿ, ಅದೇ ಆಳ್ವಿಕೆಯನ್ನು ಎದುರಿಸಿದವರ ಹೆಸರು ಚೌಕಕ್ಕೆ ಬಂತು. ಆದರೂ ಹಳಬರ ಬಾಯಲ್ಲಿ 'ಡಾಲ್‌ಹೌಸಿ' ಪೂರ್ತಿ ಮಾಸಿಲ್ಲ. ದಿನಬಳಕೆಯಲ್ಲಿ 'ಬಿಬಿಡಿ' ಬರೀ ಮೂರಕ್ಷರವಾಗಿ, ಹಿಂದಿನ ಮೂವರು ಮರೆತುಹೋಗುವುದೂ ಉಂಟು.

2013ರಲ್ಲಿ ದುರಸ್ತಿಗೆಂದು ರೈಟರ್ಸ್ ಬಿಲ್ಡಿಂಗ್‌ನಿಂದ ಮುಖ್ಯಮಂತ್ರಿಗಳ ಕಚೇರಿ ಹೌರಾದ 'ನಬಾನ್ನ'ಕ್ಕೆ ಹೋಯಿತು. 2024ರಿಂದ ಹೌರಾ ಕಡೆಯಿಂದ ನದಿಯ ಅಡಿಯಲ್ಲೇ ಮೆಟ್ರೋ ಬರುತ್ತದೆ, ನಿಲ್ದಾಣದ ಹೆಸರು ಮಹಾಕರಣ್. ಊರಿನಿಂದ ನೆಂಟರು ಬಂದಾಗ ವಿಕ್ಟೋರಿಯಾ ಸ್ಮಾರಕದ ಜೊತೆ ಇದನ್ನೂ ತೋರಿಸಿ. ರೈಟರ್ಸ್ ಎದುರಿನ ಮೂವರ ಪ್ರತಿಮೆಯ ಮುಂದೆ ನಿಂತು, ಅವರ ಹೆಸರುಗಳನ್ನು ಪೂರ್ತಿಯಾಗಿ ಹೇಳಿ.