ಹಳೆಯ ಇಟ್ಟಿಗೆ ಮನೆಗೆ ಹೊಸ ಕಳೆ: ಬಣ್ಣಕ್ಕೆ ಮೊದಲು ನೀರಿನ ದಾರಿ

ನಂಜನಗೂಡಿನ ಶ್ರೀಕಂಠೇಶ್ವರ ದೇವಾಲಯದ ಸುತ್ತಲಿನ ಹಳೆಯ ಬೀದಿಗಳಲ್ಲಿಯೂ, ಕಾವೇರಿ ಮತ್ತು ಕಪಿಲೆ ಕೂಡುವ ತಿರುಮಕೂಡಲು ನರಸೀಪುರದಲ್ಲಿಯೂ ಹೆಂಚಿನ ಮಾಡು, ಜಗಲಿ, ಮರದ ಕಂಬಗಳುಳ್ಳ ಇಟ್ಟಿಗೆ ಮನೆಗಳು ಅಲ್ಲಲ್ಲಿ ಉಳಿದುಕೊಂಡಿವೆ. ಜಾತ್ರೆಯೋ ಮದುವೆಯೋ ಸಮೀಪಿಸಿದಾಗ ಇವುಗಳ ಮುಂಭಾಗಕ್ಕೆ ಹೊಸ ಕಳೆ ತರಬೇಕೆಂಬ ಉತ್ಸಾಹ ಮೂಡುವುದು ಸಹಜ. ಆಗ ಸಾಮಾನ್ಯವಾಗಿ ಹಳೆಯ ಗಾರೆಯನ್ನು ಕೆತ್ತಿ ಸಿಮೆಂಟ್ ಬಳಿಯಲಾಗುತ್ತದೆ. ಮೇಲೆ ಹೊಳಪಿನ ಬಣ್ಣ, ಕೆಳಗೆ ಸೊಂಟದೆತ್ತರಕ್ಕೆ ಟೈಲ್ಸ್. ಮೊದಲ ವರ್ಷ ಮನೆ ಥಳಥಳಿಸುತ್ತದೆ. ಕೆಲವೇ ಮಳೆಗಾಲ ಕಳೆಯುವಷ್ಟರಲ್ಲಿ ಬಣ್ಣ ಗುಳ್ಳೆಯೇಳುತ್ತದೆ, ಗೋಡೆಯಲ್ಲಿ ಬಿಳಿ ಉಪ್ಪು ಕಾಣಿಸಿಕೊಳ್ಳುತ್ತದೆ. ದೂರು ಬಣ್ಣದವನ ಮೇಲೆ ಬೀಳುತ್ತದೆ.

ಪಾಪ, ಬಣ್ಣದವನ ತಪ್ಪು ಇದರಲ್ಲಿ ಕಡಿಮೆ. ಸುಣ್ಣದ ಗಾರೆಯಲ್ಲಿ ಕಟ್ಟಿದ ಹಳೆಯ ಗೋಡೆಗಳ ಅಡಿಯಲ್ಲಿ ಇಂದಿನ ಕಟ್ಟಡಗಳಲ್ಲಿರುವಂತಹ ತೇವ ತಡೆಯುವ ಪದರ ಇರುವುದಿಲ್ಲ. ನೆಲದ ತೇವ ಇಟ್ಟಿಗೆಯ ಸೂಕ್ಷ್ಮ ರಂಧ್ರಗಳ ಮೂಲಕ ಮೇಲೇರುತ್ತದೆ. ಸುಣ್ಣದ ಗಾರೆ ಅದನ್ನು ಹೊರಕ್ಕೆ ಆವಿಯಾಗಲು ಬಿಡುತ್ತದೆ. ಏರಿದಷ್ಟೂ ಆರಿಹೋಗುವ ಈ ಏರ್ಪಾಡಿನಿಂದಲೇ ಅಂತಹ ಮನೆಗಳು ತಲೆಮಾರುಗಳ ಕಾಲ ನಿಂತಿವೆ. ದಟ್ಟವಾದ ಸಿಮೆಂಟ್ ಪದರ ಬಂದೊಡನೆ ತೇವದ ದಾರಿ ಮುಚ್ಚುತ್ತದೆ. ನೀರು ಗೋಡೆಯೊಳಗೇ ಇನ್ನಷ್ಟು ಮೇಲೇರಿ, ಜತೆಯಲ್ಲಿ ತಂದ ಉಪ್ಪು ಇಟ್ಟಿಗೆಯೊಳಗೆ ಹರಳುಗಟ್ಟಿ ಅದನ್ನು ಪುಡಿಮಾಡುತ್ತದೆ. ಅಂದದ ಪ್ರಶ್ನೆ ಅಲ್ಲಿಗೆ ಗೋಡೆಯ ಆಯುಷ್ಯದ ಪ್ರಶ್ನೆಯಾಗುತ್ತದೆ.

ನದಿತೀರದ ಈ ಊರುಗಳಲ್ಲಿ ಇನ್ನೊಂದು ಸಂಗತಿಯನ್ನು ಮರೆಯುವಂತಿಲ್ಲ. 2018 ಮತ್ತು 2019ರ ಆಗಸ್ಟ್ ತಿಂಗಳುಗಳಲ್ಲಿ ಕಪಿಲೆ ಉಕ್ಕಿ ನಂಜನಗೂಡಿನ ತಗ್ಗು ಬಡಾವಣೆಗಳಿಗೆ ನೀರು ನುಗ್ಗಿತ್ತು. ಹೀಗೆ ನೆನೆದ ಗೋಡೆ ಹೊರಗೆ ಒಣಗಿದಂತೆ ಕಂಡರೂ ಒಳಗೆ ಒಣಗಿರುವುದಿಲ್ಲ. ಒಂದಿಂಚು ದಪ್ಪಕ್ಕೆ ಒಂದು ತಿಂಗಳು ಎಂಬುದು ಕಟ್ಟಡ ತಜ್ಞರು ಬಳಸುವ ಸ್ಥೂಲ ಅಂದಾಜು. ಒಂದೂವರೆ ಅಡಿಯ ಗೋಡೆ ಎರಡೂ ಬದಿಯಿಂದ ಆರಿದರೂ ಒಂಬತ್ತು ತಿಂಗಳು ಬೇಕು. ನೆರೆ ಇಳಿದ ವರ್ಷದ ದೀಪಾವಳಿಗೇ ಬಣ್ಣ ಬಳಿಯುವುದು ಹಣ ಪೋಲು ಮಾಡಿದಂತೆ.

ಆದ್ದರಿಂದ ಕೆಲಸ ಮಾಡಿನಿಂದ ಆರಂಭವಾಗಬೇಕು. ಒಡೆದ ಹೆಂಚು, ಕೊಳೆತ ರೀಪು, ಬಾಗಿದ ಸೂರು ಸರಿಯಾದರೆ ಮನೆಯ ಮುಖ ಅರ್ಧ ತಿದ್ದಿದಂತಾಗುತ್ತದೆ, ಗೋಡೆಗೆ ಬಡಿಯುವ ಮಳೆನೀರೂ ತಪ್ಪುತ್ತದೆ. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಆರಂಭಿಸಿದ ಕಾರ್ಖಾನೆಯಿಂದ ಮೊದಲ್ಗೊಂಡು ಅನೇಕ ಕಾರ್ಖಾನೆಗಳು ಈ ಹೆಂಚನ್ನು ತಯಾರಿಸಿದವು. ಅಚ್ಚುಗಳಲ್ಲಿ ಅಲ್ಪಸ್ವಲ್ಪ ವ್ಯತ್ಯಾಸವಿರುವುದರಿಂದ ಒಂದರ ಹೆಂಚು ಇನ್ನೊಂದಕ್ಕೆ ಸರಿಯಾಗಿ ಕೂರದಿರಬಹುದು. ಹೆಂಚನ್ನು ತಿರುಗಿಸಿ ಮುದ್ರೆ ನೋಡಿಕೊಂಡು, ಕೆಡವಿದ ಮನೆಗಳ ಸಾಮಾನು ಮಾರುವಲ್ಲಿ ಅದೇ ಮುದ್ರೆಯದನ್ನು ಹುಡುಕುವುದು ಜಾಣತನ. ಹೆಂಚಿಗೆ ಕೆಂಪು ಪೇಂಟ್ ಹೊಡೆಯುವ ಅಗತ್ಯವಿಲ್ಲ. ಪಾಚಿ ಉಜ್ಜಿ ತೆಗೆದರೆ ಸಾಕು.

ಬಳಿಕ ಕೆಳಗಿನ ನೀರು. ಹಳೆಯ ರಸ್ತೆಯ ಮೇಲೆಯೇ ಮತ್ತೆ ಮತ್ತೆ ಡಾಂಬರು, ಕಾಂಕ್ರೀಟ್ ಹಾಕಿದ ಬೀದಿಗಳಲ್ಲಿ ರಸ್ತೆ ಏರಿ ಜಗಲಿ ಇಳಿದಿರುತ್ತದೆ. ಗೋಡೆಯ ಬುಡದಿಂದ ನೀರು ದೂರ ಹರಿಯುವಂತೆ ಇಳಿಜಾರು, ಕಟ್ಟಿಕೊಳ್ಳದ ಚರಂಡಿ ಇವೆರಡೂ ಇಲ್ಲದಿದ್ದರೆ ಮುಂದಿನ ಯಾವ ಅಲಂಕಾರವೂ ನಿಲ್ಲದು.

ಗಾರೆ ಉದುರಿದ ಕಡೆ ಸಿಮೆಂಟನ್ನು ತೆಗೆದು, ಸಂದುಗಳ ಸಡಿಲ ಮಣ್ಣನ್ನು ಕೆರೆದು, ಒಂದು ಪಾಲು ಸುಣ್ಣಕ್ಕೆ ಸುಮಾರು ಮೂರು ಪಾಲು ಮರಳು ಬೆರೆಸಿದ ಗಾರೆ ತುಂಬಬೇಕು. ಮಳೆ ಹೊಡೆಯುವ ಜಾಗಕ್ಕೆ ಮರಳಿನ ಒಂದಂಶದ ಬದಲು ಸುರ್ಕಿ, ಎಂದರೆ ಚೆನ್ನಾಗಿ ಬೆಂದ ಇಟ್ಟಿಗೆಯ ಪುಡಿ ಸೇರಿಸಿದರೆ ಗಾರೆ ಗಟ್ಟಿಯಾಗುತ್ತದೆ. ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರನ್ನು ಬೆರೆಸುವ ಹಳೆಯ ರೂಢಿಯನ್ನು ಸ್ಮಾರಕಗಳ ದುರಸ್ತಿಯಲ್ಲಿ ಇಂದಿಗೂ ಅನುಸರಿಸುತ್ತಾರೆ. ಸುಟ್ಟ ಸುಣ್ಣವನ್ನು ನೀರಿನಲ್ಲಿ ಅರಳಿಸಿ, ಕೆಲವು ದಿನ ನೆನೆಸಿಟ್ಟೇ ಬಳಸಬೇಕು. ಅರಳುವಾಗ ಅದು ಕುದಿದು ಸಿಡಿಯುತ್ತದೆ. ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯವಾದೀತು. ಕನ್ನಡಕ, ಕೈಗವಸು ಇಲ್ಲದೆ ಈ ಕೆಲಸಕ್ಕೆ ಇಳಿಯಬಾರದು, ಮಕ್ಕಳನ್ನು ಹತ್ತಿರ ಬಿಡಬಾರದು.

ಬಣ್ಣದ ಸರದಿ ಬರುವುದು ಇದೆಲ್ಲ ಒಣಗಿದ ಮೇಲೆ. ನಂಜನಗೂಡಿನ ದೊಡ್ಡಜಾತ್ರೆ ಫಾಲ್ಗುಣದಲ್ಲಿ, ಬಿಸಿಲು ಏರುವ ಹೊತ್ತಿನಲ್ಲಿ ಬರುತ್ತದೆ. ಕಾದ ಗೋಡೆಗೆ ಸುಣ್ಣ ಹೊಡೆದರೆ ಅದು ಕಚ್ಚಿಕೊಳ್ಳುವ ಮೊದಲೇ ಒಣಗಿ ಕೈಗೆ ಅಂಟುವ ಪುಡಿಯಾಗುತ್ತದೆ. ಬೆಳಗ್ಗೆ ಅಥವಾ ಸಂಜೆ, ಗೋಡೆಯನ್ನು ಲಘುವಾಗಿ ತೋಯಿಸಿ, ಮಜ್ಜಿಗೆಗಿಂತ ತೆಳುವಾಗಿ ಮೂರು ನಾಲ್ಕು ಸಲ ಹೊಡೆಯುವುದು ಸರಿಯಾದ ಕ್ರಮ. ಬಿಳುಪು ಬೇಡವೆನ್ನುವವರು ಕಾವಿ ಅಥವಾ ಹಳದಿ ಮಣ್ಣು ಬೆರೆಸಿಕೊಳ್ಳಬಹುದು. ಕೆಳಗೆ ಕೆಮ್ಮಣ್ಣಿನ ಪಟ್ಟೆ ಎಳೆದರೆ ರಸ್ತೆಯ ಕೆಸರು ಎದ್ದು ಕಾಣುವುದಿಲ್ಲ. ಟೈಲ್ಸ್ ಮಾಡಬೇಕೆಂದಿದ್ದ ಕೆಲಸವೂ ಇದೇ.

ಜಗಲಿಯನ್ನು ಗ್ರಿಲ್ ಹಾಕಿ ಮುಚ್ಚುವ ಮೊದಲು ಎರಡು ಬಾರಿ ಯೋಚಿಸುವುದು ಲೇಸು. ಭದ್ರತೆಗೆ ಬಾಗಿಲು, ಕಿಟಕಿಗಳನ್ನು ಬಲಪಡಿಸಿದರೆ ಜಗಲಿ ತೆರೆದೇ ಉಳಿಯಬಲ್ಲದು. ಕಂಬ, ಬಾಗಿಲವಾಡಗಳ ಮೇಲೆ ಪದರಗಟ್ಟಿದ ಎನಾಮಲ್ ಪೇಂಟನ್ನು ಕೆರೆದು ಎಣ್ಣೆ ಉಣಿಸಿದರೆ ಮರದ ಎಳೆ ಮತ್ತೆ ಕಾಣುತ್ತದೆ. ಕೊನೆಗೆ, ಮುಂಗೋಡೆಯ ಮೇಲೆ ಅಡ್ಡಾದಿಡ್ಡಿ ಹರಿದ ಕೇಬಲ್ಲುಗಳನ್ನು ಸೂರಿನ ಕೆಳಗೆ ಒಂದೇ ಸಾಲಿನಲ್ಲಿ ಕಟ್ಟಿಸುವುದಕ್ಕೆ ಎಲೆಕ್ಟ್ರಿಷಿಯನ್‌ನ ಅರ್ಧ ದಿನದ ಕೂಲಿ ಸಾಕು.